ಉಡಾಸುರನ ಬಾಲ

ಗೋವಿನಕೋವಿಯ ಪಶು ಆಸ್ಪತ್ರೆಯ ಅಟೆಂಡರ್ ಮೈಲಾರಿ ಸುಳ್ಳು ಹೇಳುವ ಮನುಷ್ಯನಲ್ಲ. ಸುಳ್ಳಿಗೆ ಬೇಕಾದಷ್ಟು ಜ್ಞಾಪಕಶಕ್ತಿ ಅವನಲ್ಲಿರಲಿಲ್ಲ. ಬೆಳಿಗ್ಗೆ ಎಮ್ಮೆಗೆ ಕೊಟ್ಟ ಔಷಧಿಯನ್ನು ಎತ್ತಿಗೆ ಕೊಟ್ಟೆನೆಂದು ಪುಸ್ತಕದಲ್ಲಿ ಬರೆದು, ಸಂಜೆ ಎಮ್ಮೆಯ ಯಜಮಾನ ಸಿಕ್ಕಾಗ "ಎತ್ತು ಹೆಂಗೈತೆ?" ಎಂದು ಕಾಳಜಿಯಿಂದ ವಿಚಾರಿಸಿದವನು ಅವನು. ಹಾಗಾಗಿ ಅವನ ಬಾಳಿನ ಅತಿ ದೊಡ್ಡ ಫಜೀತಿಯೂ ಒಂದು ನಿಜದಿಂದಲೇ ಶುರುವಾಯಿತು. ಆ ನಿಜ ಸ್ವಲ್ಪ ಗಿಡ್ಡವಾಗಿತ್ತು, ಅಷ್ಟೇ.

ಅಂದು ಮಧ್ಯಾಹ್ನ ಊಟದ ಹೊತ್ತು. ಡಾಕ್ಟರ್ ಯಶೋಧರಾ ಬುತ್ತಿ ಬಿಚ್ಚಿಟ್ಟುಕೊಂಡು ಫೋನು ನೋಡುತ್ತಿದ್ದರು. ಹೊನ್ನಾಳಿಯವರು, ಇನ್ನೂ ಮೂವತ್ತೆರಡರ ವಯಸ್ಸು. ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿದಾಗಲೂ ಮುಖದ ಒಂದು ಗೆರೆ ಕದಲದ ಹೆಂಗಸು. ಅಂಥವರ ಮುಖ ಇದ್ದಕ್ಕಿದ್ದಂತೆ ಐದನೇ ಕ್ಲಾಸಿನ ಹುಡುಗಿಯದಾಯಿತು.

"ಮೈಲಾರಿ, ಇಲ್ಲಿ ನೋಡ್ರಿ. ಉಡಾಸುರ ಟೀವಿಗೆ ಬರ್ತೈತಂತೆ. ಧಾರಾವಾಹಿ. ಉಡಾಸುರನ ಮನೆ ಅಂತ ಹೆಸರು."

ಉಡಾಸುರ ಯಾರೆಂದು ಆ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳಬೇಕೆಂದರೆ, ಇಪ್ಪತ್ತೊಂಬತ್ತು ವರ್ಷದ ಹಿಂದೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ದಡದಲ್ಲಿ ಒಂದು ಸಿನಿಮಾ ತೆಗೆದರು. ಕೆರೆಯಿಂದ ಎದ್ದು ಬರುವ, ಲಾರಿಯಷ್ಟು ದೊಡ್ಡ ಉಡದ ಕಥೆ. ಅದಕ್ಕೆ ಮತ್ತೆರಡು ಭಾಗಗಳು ಬಂದವು; ಅವುಗಳಲ್ಲಿ ಮೊದಲನೆಯದರ ದೃಶ್ಯಗಳನ್ನೇ ಹಿಂದುಮುಂದು ಮಾಡಿ ತೋರಿಸಿದ್ದರು. ಮೊದಲನೆಯದು ದಾವಣಗೆರೆಯಲ್ಲಿ ಆರು ದಿನ ಓಡಿತು, ಎರಡನೆಯದು ನಾಲ್ಕು ದಿನ. ಮೂರನೆಯದು ಓಡಲಿಲ್ಲ, ನಿರ್ಮಾಪಕರು ಓಡಿದರು.

ಆದರೆ ಅದೃಷ್ಟ ಎಂಬುದು ಉಡದ ಹಾಗೆ, ಬಿಲದಿಂದ ಯಾವಾಗ ತಲೆ ಹಾಕುತ್ತದೋ ಹೇಳಲಾಗದು. ಹತ್ತು ವರ್ಷ ಕಳೆದ ಮೇಲೆ ಟೀವಿಯವರು ಭಾನುವಾರ ಮಧ್ಯಾಹ್ನ ಹಾಕಲು ಬೇರೇನೂ ಸಿಗದೆ ಉಡಾಸುರನನ್ನು ಹಾಕಿದರು. ಮಕ್ಕಳು ನೋಡಿದರು. ಮುಂದಿನ ಭಾನುವಾರವೂ ಅದನ್ನೇ ಕೇಳಿದರು. ಆ ಮಕ್ಕಳೆಲ್ಲ ಈಗ ದೊಡ್ಡವರಾಗಿ ಬೈಕಿನ ಟ್ಯಾಂಕಿನ ಮೇಲೆ ಉಡಾಸುರನ ಚಿತ್ರ ಅಂಟಿಸಿಕೊಂಡು ತಿರುಗುತ್ತಾರೆ. ಅವರೆಲ್ಲರಿಗೂ ಪ್ರಾಣವಾದದ್ದು ಒಂದು ದೃಶ್ಯ. ಹಸಿದ ಉಡಾಸುರ ಬಡವರ ಮನೆಯೊಂದರ ಬಾಗಿಲಿಗೆ ಬಂದು, ಕತ್ತು ವಾಲಿಸಿ ಮೂಸುತ್ತದೆ. ಒಳಗೆ ತೊಟ್ಟಿಲು ಕಾಣುತ್ತದೆ. ಸುಮ್ಮನೆ ತಿರುಗುತ್ತದೆ. ತಿರುಗುವಾಗ ಅದರ ಬಾಲ ಬೀಸಿ, ಬಂದೂಕು ಹಿಡಿದು ಕಾದಿದ್ದವರ ಜೀಪು ಕೆರೆಗೆ ಬೀಳುತ್ತದೆ. ಇದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಳ್ಳದವನು ನಮ್ಮ ಕಡೆಯವನೇ ಅಲ್ಲ ಎನ್ನುವಷ್ಟರ ಮಟ್ಟಿಗೆ ಮಾತು ಬೆಳೆದಿತ್ತು.

ಮೈಲಾರಿ ರೊಟ್ಟಿ ಮುರಿಯುತ್ತ, "ಹೌದಾ ಮೇಡಂ? ಅದರೊಳಗೆ ನಾನಿದ್ದೆ" ಎಂದ.

"ಯಾವುದರೊಳಗೆ?"

"ಉಡಾಸುರದೊಳಗೆ. ಹತ್ತೊಂಬತ್ತು ದಿನ."

ರೈಲಿನ ಕಟ್ಟಕಡೆಯ ಬೋಗಿಯಲ್ಲಿ ಕೂತು ಬಂದವನೂ ನಾನು ರೈಲಿನಲ್ಲಿ ಬಂದೆ ಎಂದೇ ಹೇಳುತ್ತಾನೆ. ಅದರಲ್ಲಿ ತಪ್ಪಿಲ್ಲ. ಮೈಲಾರಿ ಇದ್ದದ್ದು ಉಡಾಸುರನ ಹಿಂಗಾಲಿನಲ್ಲಿ, ಬಾಲವನ್ನು ಸೊಂಟಕ್ಕೆ ಕಟ್ಟಿಕೊಂಡು. ಅದನ್ನೂ ಹೇಳುವವನೇ ಇದ್ದ. ಅಷ್ಟರಲ್ಲಿ ಸವಳಂಗದ ಕಡೆಯಿಂದ ಹೊಟ್ಟೆಯುಬ್ಬರದ ಹಸುವೊಂದನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಒಂದು ತಾಸು ಹಸುವಿನ ಹಿಂದೆಮುಂದೆ ಓಡಾಡಿ, ಕೈತೊಳೆದು ಬರುವ ಹೊತ್ತಿಗೆ ಡಾಕ್ಟರು ಅವನ ಫೋಟೋ ತೆಗೆದು ಅಭಿಮಾನಿಗಳ ಗುಂಪಿಗೆ ಹಾಕಿಯಾಗಿತ್ತು. ಕೆಳಗೆ ಬರೆದಿದ್ದರು: ಉಡಾಸುರ ಸಿಕ್ಕಿದರು. ನಮ್ಮ ಆಸ್ಪತ್ರೆಯಲ್ಲೇ ಇದ್ದಾರೆ.

ಮರುದಿನ ಮೈಲಾರಿ ಆಸ್ಪತ್ರೆಗೆ ಬಂದಾಗ ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು. ಮೈಲಾರಿ ಹಿಂದೆ ತಿರುಗಿ, ಜಿಲ್ಲೆಯಿಂದ ಸಾಹೇಬರು ಯಾರೋ ಬಂದಿರಬೇಕೆಂದು ನೋಡಿದ. ಯಾರೂ ಇರಲಿಲ್ಲ.

"ಮೇಡಂ, ನಾನು ಬಾಲದಾಗಿದ್ದೆ."

"ನಿಮ್ಮಷ್ಟು ಸರಳ ಮನುಷ್ಯರನ್ನ ನಾನು ನೋಡಿಲ್ಲ" ಎಂದರು ಡಾಕ್ಟರು. ಸಿರಿಂಜಿನ ಡಬ್ಬಿಯನ್ನು ಅವನ ಕೈಯಿಂದ ಇಸಿದುಕೊಂಡು ತಾವೇ ತೊಳೆಯಲು ಹೋದರು.

ಮನೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ನಡೆದುಹೋಗಿತ್ತು. ಪಕ್ಕದ ಮಹಡಿ ಮನೆಯ ಸರ್ವಮಂಗಳಮ್ಮ, ಅಂದರೆ ಗ್ರಾಮ ಪಂಚಾಯಿತಿ ಅಧ್ಯಕ್ಷರು, ಇಪ್ಪತ್ತು ವರ್ಷದ ನೆರೆಯಲ್ಲಿ ಮೊದಲ ಬಾರಿಗೆ ಹೊಸ್ತಿಲು ದಾಟಿ ಒಳಗೆ ಬಂದು, ಮೈಲಾರಿಯ ಹೆಂಡತಿ ಲಕ್ಷ್ಮೀದೇವಿಯ ಕೈಯಿಂದ ಚಹಾ ಕುಡಿದಿದ್ದರು. ಅರ್ಧ ಅಲ್ಲ, ಪೂರ್ತಿ ಲೋಟ. ಪಂಚಾಯಿತಿ ವತಿಯಿಂದ ಸನ್ಮಾನ ಮಾಡುವುದಾಗಿಯೂ ಹೇಳಿ ಹೋಗಿದ್ದರು.

"ಲಕ್ಷ್ಮೀ, ನಾನು ಬಾಲ ಕಣೇ" ಎಂದ ಮೈಲಾರಿ. ಮದುವೆಯಾದ ಹೊಸದರಲ್ಲೂ ಇದನ್ನು ಹೇಳಿದ್ದ. ಆಗ ಅವಳು, ಯಾವ ಸೀನಿನಲ್ಲಿ ಮುಖ ಕಾಣುತ್ತದೆ ಎಂದು ಕೇಳಿ, ಯಾವುದರಲ್ಲೂ ಇಲ್ಲ ಎಂದು ತಿಳಿದ ಮೇಲೆ ಆ ವಿಷಯವನ್ನೇ ಮರೆತಿದ್ದಳು.

"ಅಧ್ಯಕ್ಷರು ನಮ್ಮನೇಲಿ ಚಾ ಕುಡಿದು ಹೋಗ್ಯಾರೆ" ಎಂದಳು ಲಕ್ಷ್ಮೀದೇವಿ. "ಈಗ ನೀವು ಬಾಲ ಅಂದ್ರೆ ಆ ಚಾ ಎಲ್ಲಿಗೆ ಹೋಗಬೇಕು?"

ಮೈಲಾರಿ ಅಧ್ಯಕ್ಷರು ಕುಡಿದ ಲೋಟವನ್ನು ಎತ್ತಿಕೊಂಡು ತೊಳೆಯಲು ಹೋದ.

ಭಾನುವಾರ ಹನ್ನೊಂದು ಬೈಕುಗಳಲ್ಲಿ ಜಗಳೂರಿನ ಉಡಾಸುರ ಅಭಿಮಾನಿ ಬಳಗ ಬಂದಿಳಿಯಿತು. ಮುಂದಾಳು ಕೆಂಚೇಶ್, ಜಗಳೂರು ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಉಡಾಸುರನ ಬಗ್ಗೆ ಆತನಿಗೆ ತಿಳಿಯದ ಸಂಗತಿ ಒಂದೇ ಇತ್ತು: ಒಳಗೆ ಯಾರಿದ್ದರು ಎಂಬುದು. ಸಿನಿಮಾದಲ್ಲಿ ಹೆಸರು ಹಾಕಿರಲಿಲ್ಲ. ಸರ್ಕಸ್ಸಿನವನು ಎಂದು ಕೆಲವರು, ಕೇರಳದಿಂದ ಬಂದ ಕಸರತ್ತಿನವನು ಎಂದು ಕೆಲವರು, ಒಳಗೆ ಯಾರೂ ಇರಲೇ ಇಲ್ಲ, ಅದು ನಿಜವಾದ ಉಡವೇ ಎಂದು ಮೂವರು. ಈ ಮೂವರು ಬೇರೆ ಬೈಕಿನಲ್ಲಿ ಬಂದಿದ್ದರು.

ಕೆಂಚೇಶ್ ಹಾರ ಹಾಕಿ, ಕಾಲಿಗೆರಗಿ, ಮೇಲಕ್ಕೆದ್ದಾಗ ಅವನ ಕಣ್ಣು ತುಂಬಿತ್ತು. ಮೈಲಾರಿಗೆ ಇದು ತಡೆಯಲಾಗಲಿಲ್ಲ.

"ನೋಡಪ್ಪಾ, ನಾನು ತಲೆ ಅಲ್ಲ. ನಾನು ಬಾಲ."

ಕೆಂಚೇಶ್ ಗೆಳೆಯರ ಕಡೆ ತಿರುಗಿದ. "ಕೇಳಿದ್ರೇನ್ರೋ? ಬಾಲ ಅಂತಾರೆ. ದೊಡ್ಡೋರು ಯಾವಾಗಲೂ ಹಿಂಗೇ ಹೇಳೋದು." ಆಮೇಲೆ ಮೈಲಾರಿಯ ಕೈ ಹಿಡಿದು ಮೆಲ್ಲಗೆ ವಿವರಿಸಿದ: "ಸಾರ್, ಬಾಲದೊಳಗೆ ಮನುಷ್ಯ ಇರಾಕೆ ಸಾಧ್ಯನೇ ಇಲ್ಲ. ಒಂದು ವರ್ಷ ಚರ್ಚೆ ಮಾಡೀವಿ. ಹಿಂದಿನ ಭಾಗ ಎಲ್ಲಾ ಹಗ್ಗ ಕಟ್ಟಿ ಎಳೆದದ್ದು. ಮನುಷ್ಯ ಇದ್ದಿದ್ರೆ ಅಷ್ಟು ಚೆಂದ ಬೀಸಾಕೆ ಬರಲ್ಲ."

ಮೈಲಾರಿಯ ಜೀವಮಾನದಲ್ಲಿ ಅವನಿಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಇದು. ಹೊಗಳಿದವನಿಗೇ ಅದು ಗೊತ್ತಿರಲಿಲ್ಲ.

ಆಮೇಲೆ ಉಡಾಸುರನ ಕೂಗು ಕೂಗಲೇಬೇಕೆಂದು ಎಲ್ಲರೂ ಹಟ ಹಿಡಿದರು. ಬಾಲ ಕೂಗುವುದಿಲ್ಲ. ಸಿನಿಮಾದ ಕೂಗು ಎಲ್ಲಿಂದ ತಂದು ಸೇರಿಸಿದರೋ ಮೈಲಾರಿಗೆ ತಿಳಿಯದು. ಆದರೂ ಹನ್ನೊಂದು ಬೈಕಿನವರು ಅಂಗಳದಲ್ಲಿ ನಿಂತಿರುವಾಗ, ಲಕ್ಷ್ಮೀದೇವಿ ಬಾಗಿಲಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿರುವಾಗ, ಅವನು ಕಣ್ಣು ಮುಚ್ಚಿ, ಕರು ಅಡ್ಡ ಸಿಕ್ಕಿಕೊಂಡ ಎಮ್ಮೆಯನ್ನು ನೆನೆದು ಒಂದು ದನಿ ತೆಗೆದ. ಎದುರು ಮನೆಯ ಎರಡು ಹಸುಗಳು ಹಗ್ಗ ಕಿತ್ತುಕೊಂಡು ಹೋದವು. ಅಭಿಮಾನಿಗಳು ಅದನ್ನು ಚಿತ್ರೀಕರಿಸಿಕೊಂಡರು. ಸಂಜೆಯೊಳಗೆ ನ್ಯಾಮತಿ ತಾಲ್ಲೂಕೆಲ್ಲ ಅದನ್ನು ಕೇಳಿತ್ತು.

ಬೆಂಗಳೂರಿಗೂ ಅದು ಮುಟ್ಟಿತೆಂದು ತಿಳಿದದ್ದು ನಾಲ್ಕು ದಿನದ ನಂತರ, ಆಸ್ಪತ್ರೆಯ ಮುಂದೆ ಕಾರೊಂದು ನಿಂತಾಗ. ಇಳಿದವರು ಅರುಣಾ, ಧಾರಾವಾಹಿಯ ನಿರ್ದೇಶಕಿ. ಕುದುರೆಬಾಲದ ಜುಟ್ಟು, ಎರಡು ಕೈಯಲ್ಲಿ ಎರಡು ಫೋನು. ಅವರೂ ಭಾನುವಾರದ ಮಕ್ಕಳಲ್ಲಿ ಒಬ್ಬರೇ.

"ಸರ್, ನೀವು ನಮ್ಮನ್ನ ಕಾಪಾಡ್ಬೇಕು" ಎಂದರು. "ಲಕ್ಷಾಂತರ ಜನ ಕಾಯ್ತಿದಾರೆ. ನಮ್ಮ ಹೊಸ ಉಡಾಸುರ ನಡೆದ್ರೆ ಜನ ನಗ್ತಾರೆ."

ಫೋನಿನಲ್ಲಿ ವಿಡಿಯೋ ತೋರಿಸಿ, ಅದನ್ನು ಮೈಲಾರಿಯ ಫೋನಿಗೂ ಕಳಿಸಿದರು. ಬೆಂಗಳೂರಿನಲ್ಲಿ ಮಾಡಿಸಿದ ಹೊಸ ವೇಷ, ನೋಡಲು ಅಂದವಾಗಿತ್ತು. ಮುಂದೆ ದಿನಾ ಜಿಮ್ಮಿಗೆ ಹೋಗುವ ನಟ. ಎದೆಯುಬ್ಬಿಸಿ ಹೆಜ್ಜೆ ಹಾಕುತ್ತಿದ್ದ. ಹಿಂದೆ ಮೋಟಾರು. ಗುಂಡಿ ಒತ್ತಿದರೆ ಬಾಲ ಎಡಬಲಕ್ಕೆ ಪಟಪಟ ಆಡುತ್ತಿತ್ತು. ಒಡೆಯ ಮನೆಗೆ ಬಂದಾಗ ನಾಯಿ ಆಡಿಸುವ ಹಾಗೆ.

"ಸೋಮವಾರದಿಂದ ಸೂಳೆಕೆರೆ ಹತ್ರ ಶೂಟಿಂಗ್. ಆ ತೊಟ್ಟಿಲ ಸೀನಿಂದಲೇ ಧಾರಾವಾಹಿ ಶುರು. ನೀವೇ ಒಂದ್ಸಲ ಒಳಗೆ ನಿಂತು ನಡೀಬೇಕು."

"ಮೇಡಂ, ನಾನು ಬಾಲದೊಳಗಿದ್ದೋನು."

ಅರುಣಾ ಒಂದು ಫೋನನ್ನು ಕಿವಿಯಿಂದ ತೆಗೆದು, ಅವನನ್ನು ಗೌರವದಿಂದ ನೋಡಿದರು. "ಎಷ್ಟು ಚೆನ್ನಾಗಿ ಹೇಳಿದ್ರಿ ಸರ್. ಪಾತ್ರದ ಜೀವ ಬಾಲದ ತುದಿವರೆಗೂ ಹರೀಬೇಕು. ನಮ್ಮ ಹುಡುಗನಿಗೂ ನಾನು ಅದನ್ನೇ ಹೇಳೋದು." ಎರಡನೆಯ ಫೋನನ್ನು ಕಿವಿಗಿಟ್ಟುಕೊಂಡು ಕಾರು ಹತ್ತಿದರು.

ನಿಜ ಹೇಳಿ ಹೇಳಿ ಮೈಲಾರಿಗೆ ಸಾಕಾಯಿತು. ಇನ್ನು ಉಳಿದದ್ದು ಒಂದೇ ದಾರಿ, ತಲೆಯನ್ನು ಹುಡುಕುವುದು. ತಲೆಯ ಹೆಸರು ಚಿಕ್ಕಹನುಮಂತಪ್ಪ ಎಂದು ನೆನಪಿತ್ತು. ಸಿನಿಮಾದವರ ಅಡುಗೆಗೆ ಬಂದಿದ್ದವರು. ಬೆಂಗಳೂರಿನ ನಟ ಎರಡನೇ ದಿನವೇ ಜ್ವರ ಬಂದು ಹೊರಟುಹೋದಾಗ, ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದವರನ್ನು ಎಬ್ಬಿಸಿ ಒಳಗೆ ನಿಲ್ಲಿಸಿದ್ದರು. ಹಿಂದಕ್ಕೆ ಒಬ್ಬ ಬೇಕಾದಾಗ, ಶೂಟಿಂಗ್ ನೋಡಲು ಸೈಕಲ್ಲಿನಲ್ಲಿ ಬಂದಿದ್ದ ಮೈಲಾರಿ ಕಣ್ಣಿಗೆ ಬಿದ್ದಿದ್ದ. ಚಿಕ್ಕಹನುಮಂತಪ್ಪನವರ ಊರು ಜಗಳೂರಿನ ಕಡೆ ಎಂಬುದು ಬಿಟ್ಟರೆ ಬೇರೇನೂ ಗೊತ್ತಿಲ್ಲ.

ಮರುದಿನವೇ ರಜೆ ಹಾಕಿ, ಹೊನ್ನಾಳಿಯಲ್ಲಿ ಒಂದು ಬಸ್ಸು, ದಾವಣಗೆರೆಯಲ್ಲಿ ಇನ್ನೊಂದು ಬಸ್ಸು ಹಿಡಿದು ಜಗಳೂರಿನಲ್ಲಿ ಇಳಿದ. ಕೆಂಚೇಶನಿಗೆ ಅಂಗಡಿ ಮುಚ್ಚಲು ಅರ್ಧ ನಿಮಿಷವೂ ಹಿಡಿಯಲಿಲ್ಲ. "ಹಳೇ ಸಿನಿಮಾದ ಅಡುಗೆಯೋರನ್ನ ನೋಡಬೇಕಿತ್ತು" ಎಂದು ಮೈಲಾರಿ ಹೇಳಿದಾಗ ಆತ ಹುಬ್ಬೇರಿಸಿದ.

"ಹನುಮಂತಣ್ಣನಾ? ನಾನು ಓದಿದ ಹಾಸ್ಟೆಲಿನಾಗೆ ಅಡುಗೆ ಮಾಡ್ತಿದ್ದೋರು. ರಿಟೈರ್ ಆಗ್ಯಾರೆ. ಮೂರು ವರ್ಷ ಅವರ ಉಪ್ಪಿಟ್ಟು ತಿಂದೀನಿ ಸಾರ್. ಒಂದ್ಸಲ ಉಪ್ಪಿಟ್ಟಿನ ವಿರುದ್ಧ ಘೋಷಣೆ ಕೂಗಿ ಗೇಟಿನಾಗೆ ಕೂತಿದ್ದೆ. ಅವರೇ ಬಂದು ಚಿತ್ರಾನ್ನ ಕೊಟ್ಟು ಎಬ್ಬಿಸಿದ್ರು."

ಊರ ಹೊರಗಿನ ಸಣ್ಣ ಮನೆ. ಬಾಗಿಲ ಮೇಲೆ ಬುದ್ಧನ ಪಟ. ಕೆಂಚೇಶನನ್ನು ಬೇಕರಿಗೆ ಕಳಿಸಿ ಮೈಲಾರಿ ಒಬ್ಬನೇ ಹಿತ್ತಲಿಗೆ ಹೋದ. ಮುದುಕರೊಬ್ಬರು ಸ್ಟೂಲಿನ ಮೇಲೆ ನಿಂತು, ಲುಂಗಿ ಎತ್ತಿ ಕಟ್ಟಿ, ಆಚೆ ಮುಖ ಮಾಡಿ ಹೀರೆಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸುತ್ತಿದ್ದರು. ಎಡಗಾಲಿನ ಮೀನಖಂಡದ ಮೇಲೆ ಸೌಟಿನಾಕಾರದ ಸುಟ್ಟ ಕಲೆ. ಮುಖ ಮರೆತಿರಬಹುದು. ಆದರೆ ಹತ್ತೊಂಬತ್ತು ದಿನ, ದಿನಕ್ಕೆ ಆರು ತಾಸು, ಒಂದು ಮೊಳ ದೂರದಿಂದ ನೋಡಿದ ಕಾಲನ್ನು ಮನುಷ್ಯ ಮರೆಯುವುದಿಲ್ಲ.

"ಅಣ್ಣಾ" ಎಂದ ಮೈಲಾರಿ.

ಮುದುಕರ ಕೈ ನಿಂತಿತು. ತಿರುಗಲಿಲ್ಲ. ಬೆನ್ನ ಹಿಂದಿನಿಂದ ಬರುವ ಈ ದನಿಯ ಗುರುತು ಅವರಿಗಿತ್ತು. "ಬಾಲ?" ಎಂದರು.

ಇಬ್ಬರೂ ಕಟ್ಟೆಯ ಮೇಲೆ ಕೂತರು. ಮೈಲಾರಿ ನಡೆದದ್ದನ್ನೆಲ್ಲ ಹೇಳಿದ. ಹಾರ, ಚಹಾ, ಕೂಗು, ಕಾರು, ಯಾವುದನ್ನೂ ಬಿಡಲಿಲ್ಲ. "ನಿನ್ನ ಮರ್ಯಾದಿ ನಾನು ಉಂಡೀನಣ್ಣ. ಬಂದು ನಾನೇ ತಲೆ ಅಂತ ಒಂದು ಮಾತು ಹೇಳು."

"ಆಗಲ್ಲ ತಮ್ಮಾ. ಪ್ರೊಡ್ಯೂಸರ್ ಅನ್ನದ ತಟ್ಟೆ ಮೇಲೆ ಕೈ ಇಡಿಸಿ ಮಾತು ತಗೊಂಡಿದ್ರು. ಒಳಗೆ ಮನುಷ್ಯ ಇದಾನೆ ಅಂತ ಗೊತ್ತಾದ್ರೆ ಕೂಸುಗಳು ನಂಬಲ್ಲ, ಯಾರಿಗೂ ಹೇಳಬ್ಯಾಡ ಅಂತ. ನೀನೂ ಕೈ ಇಟ್ಟಿದ್ದೆ."

ಮೈಲಾರಿ ಬೆಚ್ಚಿಬಿದ್ದ. ಹೌದು, ಇಟ್ಟಿದ್ದ. "ನಾನು ಬಾಲ ಅಲ್ವೇನಣ್ಣ. ಅದು ನನಗೂ ಸೇರ್ತೈತೆ ಅಂತ ಗೊತ್ತಾಗಲಿಲ್ಲ. ಈಗ ಪ್ರೊಡ್ಯೂಸರ್ ಸತ್ತೇ ಹನ್ನೆರಡು ವರ್ಷ ಆತು."

"ಮಾತು ತಗೊಂಡೋರು ಸತ್ತಾರೆ. ಕೊಟ್ಟೋನು ಇನ್ನೂ ಇದೀನಲ್ಲ."

"ಮನೆಯಾಗೆ ಅತ್ತಿಗೆಗೂ ಹೇಳಿಲ್ಲೇನು?"

"ಇಲ್ಲ. ಭಾನುವಾರ ಟೀವಿಯಾಗೆ ಬಂದಾಗ ಮೂಕಮ್ಮ ನನ್ನ ಪಕ್ಕದಾಗೇ ಕೂತು ನೋಡ್ತಾಳೆ. ಉಡ ತೊಟ್ಟಿಲು ನೋಡಿ ತಿರುಗಿದಾಗ ಪ್ರತಿ ಸಲ ಅಳ್ತಾಳೆ. ನಾನು ಎದ್ದು ಹೋಗಿ ನೀರು ತಂದುಕೊಡ್ತೀನಿ."

ಮೈಲಾರಿ ಕಟ್ಟೆಯ ಮೇಲೆ ಬಿದ್ದಿದ್ದ ಹೀರೆಹೂವೊಂದನ್ನು ಕೈಗೆತ್ತಿಕೊಂಡ. ತಾನು ಹನ್ನೆರಡು ದಿನದಲ್ಲಿ ಕೊರಳಿಗೆ ಹಾಕಿಸಿಕೊಂಡ ಹೂವು, ಈ ಮನುಷ್ಯ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಎಸಳೂ ಮುಟ್ಟಿರಲಿಲ್ಲ. ಕೊನೆಗೆ ಬೇರೇನೂ ತೋಚದೆ, ಅರುಣಾ ಕಳಿಸಿದ್ದ ವಿಡಿಯೋ ತೆಗೆದು ತೋರಿಸಿದ. ಮುದುಕರು ಅದನ್ನು ಮೂರು ಸಲ ನೋಡಿದರು.

"ಇವನು ಹಸಿದಿಲ್ಲ" ಎಂದರು. "ಹೊಟ್ಟೆ ತುಂಬಿದ ಮೃಗ ಇನ್ನೊಬ್ಬರ ಬಾಗಿಲಿಗೆ ಯಾಕೆ ಬರ್ತೈತೆ? ಹಸಿವಿಲ್ದಿದ್ರೆ ತೊಟ್ಟಿಲು ನೋಡಿ ತಿರುಗಿ ಹೋದದ್ರಾಗೆ ಏನು ದೊಡ್ಡಸ್ತಿಕೆ?" ಫೋನು ವಾಪಸು ಕೊಡುತ್ತ, "ಮತ್ತೆ ಆ ಬಾಲ ನೋಡಾಕೆ ಆಗಲ್ಲ" ಎಂದರು.

"ನೀನೇನೂ ಹೇಳಬ್ಯಾಡಣ್ಣ. ಬಂದು ನಡಿ, ಸಾಕು. ಹಿಂದೆ ನಾನಿರ್ತೀನಿ."

ಮುದುಕರು ಲುಂಗಿ ಇಳಿಬಿಟ್ಟು ಎದ್ದರು.

ಸೋಮವಾರ ಬೆಳಿಗ್ಗೆ ಕೆರೆಬಿಳಚಿಯ ಕಡೆಯ ದಡದಲ್ಲಿ ಜಾತ್ರೆಗಿಂತ ಹೆಚ್ಚು ಜನ. ಗೋವಿನಕೋವಿಯಿಂದ ಎರಡು ಟ್ರ್ಯಾಕ್ಟರು ಬಂದಿದ್ದವು. ಸನ್ಮಾನಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ಸರ್ವಮಂಗಳಮ್ಮ, ಚಿತ್ರೀಕರಣದ ಗುಡಿಸಲಿನ ಮಗ್ಗುಲಲ್ಲೇ ಮೇಜು ಹಾಕಿಸಿ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಗಾಜಿನ ಫಲಕ ಜೋಡಿಸಿಟ್ಟಿದ್ದರು. ಲಕ್ಷ್ಮೀದೇವಿ ಹೊಸ ಸೀರೆಯುಟ್ಟು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಆಚೆ ಡಾಕ್ಟರ್ ಯಶೋಧರಾ. ಕೆಂಚೇಶನ ಓಮ್ನಿಯಲ್ಲಿ ಚಿಕ್ಕಹನುಮಂತಪ್ಪನವರ ಜೊತೆ ಮೂಕಮ್ಮನೂ ಬಂದಿದ್ದರು. ಹಳೇ ಗೆಳೆಯನಿಗೆ ಕೈಜೋಡಿಸಿ ಬರುತ್ತೇನೆ ಎಂದು ಗಂಡ ಹೇಳಿದ್ದಕ್ಕೆ, ಹಾಗಾದರೆ ಉಡಾಸುರನನ್ನು ನಾನೂ ನೋಡುತ್ತೇನೆ ಎಂದು ಹೊರಟಿದ್ದರು.

ಮೋಟಾರು ತೆಗೆಸಬೇಕು, ಹಿಂದೆ ಒಬ್ಬರು ನಿಲ್ಲಬೇಕು ಎಂದು ಮೈಲಾರಿ ಅರುಣಾಗೆ ಹೇಳಿದ. "ಇವರು ನಮ್ಮಣ್ಣ. ಇಬ್ಬರೂ ಒಳಗಿರ್ತೀವಿ." ಯಾರು ಎಲ್ಲಿ ಎಂದು ಹೇಳಲಿಲ್ಲ. ಹೇಳಿದರೆ ನಂಬುವವರೂ ಇರಲಿಲ್ಲ. ಇಬ್ಬರೂ ಡೇರೆಯೊಳಗೆ ಹೋಗಿ ಪರದೆ ಎಳೆದುಕೊಂಡರು.

ಆಮೇಲೆ ಉಡಾಸುರ ಹೊರಗೆ ಬಂತು.

ಅದು ನಡೆಯುತ್ತಿರಲಿಲ್ಲ, ಹೊಟ್ಟೆಯ ಭಾರವನ್ನು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು, ಮೂರು ದಿನದಿಂದ ಉಣ್ಣದ ಜೀವ ಬರುವ ಹಾಗೆ. ಗುಡಿಸಲಿನ ಬಾಗಿಲಿಗೆ ಬಂದು ನಿಂತಿತು. ಕತ್ತನ್ನು ಒಂದು ಸಲ ಎಡಕ್ಕೆ ವಾಲಿಸಿ ಮೂಸಿತು. ಎರಡು ಸಲ ಬಲಕ್ಕೆ. ಒಳಗೆ ತೊಟ್ಟಿಲು. ಆ ರಬ್ಬರಿನ ಮುಖದಲ್ಲಿ ಏನೂ ಬದಲಾಗಲಿಲ್ಲ, ಬದಲಾಗಲು ಸಾಧ್ಯವೂ ಇರಲಿಲ್ಲ. ಆದರೂ ಅದರ ಮನಸ್ಸು ಬದಲಾದದ್ದನ್ನು ಸಾವಿರ ಜನ ಕಣ್ಣಾರೆ ಕಂಡರು. ನಿಜವಾದ ಉಡವೆಂದು ವಾದಿಸುತ್ತಿದ್ದ ಮೂವರು ಕೈಮುಗಿದರು. ಅರುಣಾ ಕಟ್ ಹೇಳುವುದನ್ನೇ ಮರೆತರು.

ಒಳಗೆ ಮೈಲಾರಿಗೆ ಕಾಣುತ್ತಿದ್ದದ್ದು ಸುಟ್ಟ ಕಲೆಯ ಆ ಎಡಗಾಲು ಮಾತ್ರ. ಹಿಮ್ಮಡಿ ಎರಡು ಸಲ ಮೇಲೆದ್ದರೆ ಬಾಲ ಬೀಸಬೇಕೆಂಬುದು ಇಪ್ಪತ್ತೊಂಬತ್ತು ವರ್ಷದ ಹಿಂದಿನ ಒಪ್ಪಂದ. ಹಿಮ್ಮಡಿ ಎರಡು ಸಲ ಎದ್ದಿತು. ಮೈಲಾರಿ ಸೊಂಟದ ಶಕ್ತಿಯನ್ನೆಲ್ಲ ಸೇರಿಸಿ ಬೀಸಿದ.

ಜೀಪು ಬಿತ್ತು. ಅದಕ್ಕೆಂದೇ ನಿಲ್ಲಿಸಿದ್ದ ತಗಡಿನ ಜೀಪು ಅದು. ಆದರೆ ಬೀಸು ಅಲ್ಲಿಗೇ ನಿಲ್ಲಲಿಲ್ಲ. ಸನ್ಮಾನದ ಮೇಜು ಬುಡಮೇಲಾಯಿತು. ಸೇಬು, ಮೋಸಂಬಿ ಸಾಲಾಗಿ ಕೆರೆಗಿಳಿದವು. ಗಾಜಿನ ಫಲಕ ಕೆಸರಿನಲ್ಲಿ ನಿಂತಿತು. ಶಾಲು ಹಾರಿ ಕ್ಯಾಮೆರಾದವನ ಹೆಗಲ ಮೇಲೆ ಬಿದ್ದು, ಅವನಿಗೇ ಸನ್ಮಾನವಾದಂತೆ ಕಂಡಿತು. ಪೇಟವನ್ನು ಹೇಗೋ ಹಿಡಿದುಕೊಂಡ ಸರ್ವಮಂಗಳಮ್ಮ, "ಮೈಲಾರಪ್ಪ ಮುಂದೆ ಇದ್ದರೂ ಹಿಂದೆ ಎಂಥಾ ಜೋರು" ಎಂದರು.

"ಮೈಲಾರಿ ಮುಂದಿಲ್ಲ" ಎಂದರು ಡಾಕ್ಟರ್ ಯಶೋಧರಾ. ಅವರು ಎದ್ದು ನಿಂತು ಉಡಾಸುರನ ಹಿಂಗಾಲುಗಳನ್ನು, ಕುಂಟುವ ದನವನ್ನು ನೋಡುವ ಹಾಗೆ ನೋಡುತ್ತಿದ್ದರು. "ಆ ಬಲಗಾಲು ನೋಡ್ರಿ, ಎಳೀತೈತೆ. ಹೋದ ವರ್ಷ ಎಮ್ಮೆ ಒದ್ದದ್ದು, ಪಟ್ಟಿ ಕಟ್ಟಿದ್ದು ನಾನೇ. ಅವರು ಬಾಲ ಅಂತ ಮೊದಲಿನಿಂದಲೂ ಹೇಳ್ತಿದ್ರು. ನಾನೇ ಕೇಳಿಸಿಕೊಳ್ಳಲಿಲ್ಲ."

"ಹಂಗಾದ್ರೆ ಮುಂದೆ ಯಾರು?" 

ಕೆಂಚೇಶನ ಈ ಪ್ರಶ್ನೆಗೆ ಹಿಂದಿನಿಂದ ಉತ್ತರ ಬಂತು. "ನಮ್ಮನೆಯೋರು" ಎಂದರು ಮೂಕಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅನ್ನ ತಳ ಹತ್ತೈತೇನೋ ಅಂತ ಮೂಸೋದು ಹಿಂಗೇ. ಎಡಕ್ಕೆ ಒಂದ್ಸಲ, ಬಲಕ್ಕೆ ಎರಡ್ಸಲ. ಮೊದಲನೇ ಭಾನುವಾರ ಟೀವಿಯಾಗೆ ನೋಡಿದಾಗಲೇ ಗೊತ್ತಾತು ನಂಗೆ. ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ."

ಉಡಾಸುರ ನಿಂತಲ್ಲೇ ನಿಂತಿತು. ಅದರ ಎದೆಯೊಳಗಿನಿಂದ ಕ್ಷೀಣವಾದ ದನಿ ಬಂತು: "ಮೂಕೀ, ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನಿಮ್ಮ ಮಾತು ನಿಮ್ಮ ಹತ್ರಾನೇ ಐತೆ. ಹೊರಗೆ ಬರ್ರಿ, ಒಳಗೆ ಸೆಖೆ ಇರ್ತೈತೆ."

"ನಾನೂ ಬರ್ಲಾ?" ಎಂದು ಹಿಂದಿನಿಂದ ಇನ್ನೊಂದು ದನಿ ಕೇಳಿತು.

ಚಿಕ್ಕಹನುಮಂತಪ್ಪ ಹೊರಗೆ ಬಂದು ಬೆವರೊರೆಸಿಕೊಂಡಾಗ ಮೊದಲು ಹೋಗಿ ಕಾಲಿಗೆ ಬಿದ್ದವನು ಕೆಂಚೇಶ್. "ಮೂರು ವರ್ಷ ಉಡಾಸುರನ ಕೈಯಾಗಿನ ಉಪ್ಪಿಟ್ಟು ತಿಂದು ಬೈದೀನಿ ಹನುಮಂತಣ್ಣ" ಎಂದು ಗಟ್ಟಿಯಾಗಿ ಅತ್ತ. "ಉಪ್ಪು ಜಾಸ್ತಿ ಇದ್ದದ್ದು ನಿಜ ಕಣಪ್ಪ" ಎಂದರು ಅವರು. ಸರ್ವಮಂಗಳಮ್ಮ ಉಳಿದಿದ್ದ ಒಂದೇ ಪೇಟವನ್ನು ಹಿಡಿದು ಇಬ್ಬರ ತಲೆಯನ್ನೂ ನೋಡಿದರು. ಮೈಲಾರಿ ತಾನೇ ಅದನ್ನು ಇಸಿದುಕೊಂಡು ಮುದುಕರಿಗೆ ತೊಡಿಸಿದ.

ಹೆಸರು ಹಾಕಲು ಅರುಣಾ ಅನುಮತಿ ಕೇಳಿದಾಗ ಚಿಕ್ಕಹನುಮಂತಪ್ಪ ಒಪ್ಪಲಿಲ್ಲ. "ಕೂಸುಗಳು ನೋಡ್ತಾವೆ, ಬ್ಯಾಡ್ರಿ." ಮೈಲಾರಿಯ ಮಾತು ಹೇಗೂ ಎಂದೋ ಮುರಿದುಹೋಗಿತ್ತು, ಅವನ ಹೆಸರಿಗೆ ಅಡ್ಡಿಯಿರಲಿಲ್ಲ.

ಅಡ್ಡಿ ಇದ್ದದ್ದು ಮನೆಯಲ್ಲಿ. ಟ್ರ್ಯಾಕ್ಟರಿನಲ್ಲಿ ಊರು ಮುಟ್ಟುವವರೆಗೆ ಲಕ್ಷ್ಮೀದೇವಿ ಒಂದು ಮಾತೂ ಆಡಲಿಲ್ಲ. ಆಮೇಲೆ ಎಂಟು ದಿನ ಊಟಕ್ಕೆ ಬಡಿಸಿದಳು, ಮುಖ ನೋಡಲಿಲ್ಲ. ಮೈಲಾರಿ ಎಮ್ಮೆಯ ಒದೆತ ತಿಂದಾಗಲೂ ಇಷ್ಟು ಸಪ್ಪಗಾಗಿರಲಿಲ್ಲ. ಧಾರಾವಾಹಿ ಶುರುವಾಗುವ ದಿನ ಜಗಳೂರಿಗೆ ಬರಬೇಕೆಂದು ಮೂಕಮ್ಮ ಫೋನು ಮಾಡಿ ಕರೆದದ್ದರಿಂದ, ದಾಕ್ಷಿಣ್ಯಕ್ಕೆ ಬಿದ್ದು ಅವನ ಜೊತೆ ಹೊರಟಳು.

ಸಂಜೆ ಏಳೂವರೆ. ಆ ಸಣ್ಣ ಮನೆಯಲ್ಲಿ ಡಾಕ್ಟರು, ಕೆಂಚೇಶ್, ಹನ್ನೊಂದು ಬೈಕಿನವರು, ಹಾಸ್ಟೆಲಿನ ಮಕ್ಕಳು, ಉಸಿರಾಡಲು ಜಾಗವಿಲ್ಲ. ಕೆರೆ ಕಂಡಿತು, ನೀರು ಸೀಳಿತು, ಉಡಾಸುರ ಬಂತು, ಮೂಸಿತು, ತಿರುಗಿತು. ಬಾಲ ಬೀಸಿದಾಗ ಮಕ್ಕಳು ಹಿಂದಕ್ಕೆ ಸರಿದು ಒಬ್ಬರ ಮೇಲೊಬ್ಬರು ಬಿದ್ದರು. ಲಕ್ಷ್ಮೀದೇವಿಯೂ ತಲೆ ತಗ್ಗಿಸಿದಳು, ಟೀವಿಯಿಂದ ಹೊರಕ್ಕೆ ಬಂದೀತೆಂಬಂತೆ. ಆಮೇಲೆ ಪಕ್ಕದಲ್ಲಿ ಕೂತ ಗಂಡನ ಸೊಂಟವನ್ನು, ಮದುವೆಯಾದ ಮೇಲೆ ಮೊದಲ ಸಲ ಕಂಡವಳ ಹಾಗೆ ನೋಡಿದಳು.

ಹೆಸರುಗಳು ಬಂದವು. ಮೊದಲ ಸಾಲು ದೊಡ್ಡ ಅಕ್ಷರದಲ್ಲಿ ಬಂತು. ಉಡಾಸುರನ ಪಾತ್ರದಲ್ಲಿ: ಸ್ವತಃ ಉಡಾಸುರ. ಚಿಕ್ಕಹನುಮಂತಪ್ಪ ಅದನ್ನು ನಿಧಾನವಾಗಿ ಓದಿ, "ಇದು ಸರಿಯಾತು" ಎಂದರು. ಮೂಕಮ್ಮ ಎದ್ದು ಹೋಗಿ ಅವರಿಗೆ ಒಂದು ಲೋಟ ನೀರು ತಂದುಕೊಟ್ಟರು.

ಎರಡನೆಯ ಸಾಲು: ಬಾಲ — ಮೈಲಾರಿ, ಗೋವಿನಕೋವಿ.

"ಊರಿನ ಹೆಸರೂ ಹಾಕ್ಯಾರೆ" ಎಂದಳು ಲಕ್ಷ್ಮೀದೇವಿ. ಜನರ ನಡುವೆ ಕೈ ತೂರಿಸಿ ಗಂಡನ ಜೇಬಿನಿಂದ ಫೋನು ತೆಗೆದು ಸರ್ವಮಂಗಳಮ್ಮನಿಗೆ ಹಚ್ಚಿದಳು. "ಅಕ್ಕಾರೇ, ನೋಡಿದ್ರಾ?"

ಊರಲ್ಲಿ ಏಳು ಗಂಟೆಯಿಂದ ಕರೆಂಟಿಲ್ಲ, ಬೀದಿಯವರೆಲ್ಲ ನಮ್ಮ ಜಗುಲಿ ಮೇಲೆ ಕತ್ತಲಲ್ಲಿ ಕೂತಿದ್ದೇವೆ, ಏನು ಹಾಕಿದರು ಎಂದು ಅತ್ತಲಿಂದ ಕೇಳಿದರು.

ಲಕ್ಷ್ಮೀದೇವಿ ಎದ್ದು ಅಂಗಳಕ್ಕೆ ಬಂದಳು.

"ಸ್ಪೀಕರ್ ಹಾಕ್ರಿ, ಎಲ್ಲರಿಗೂ ಕೇಳಲಿ" ಎಂದಳು. "ಹಾಕಿದ್ರಾ? ಹೂಂ, ಕೇಳ್ರಿ. ಬಾಲ. ಬಾ, ಲ. ನಮ್ಮನೆಯೋರೇ."